ವಯಸ್ಸಾದ ತಂದೆ ತಾಯಿಯೊಂದಿಗೆ ಕ್ರೂಸ್ ಪ್ರವಾಸ: ಜನ ಮೆಚ್ಚುವುದೇನು, ಬದಲಾಗಲಿ ಎನ್ನುವುದೇನು?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬದವರು. ಬರುವ ಜನವರಿಯಲ್ಲಿ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುವುದರಿಂದ, ಅವರನ್ನೂ ನಮ್ಮಿಬ್ಬರು ಮಕ್ಕಳನ್ನೂ ಕರೆದುಕೊಂಡು ಮುಂಬೈಯಿಂದ ಗೋವಾಕ್ಕೆ ಕ್ರೂಸ್ ಹಡಗಿನಲ್ಲಿ ಹೋಗಿಬರಬೇಕೆಂದಿದ್ದೇವೆ. ಅಪ್ಪನಿಗೆ ಮಂಡಿನೋವು, ಅಮ್ಮ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಹೋಗಿಬಂದ ಪರಿಚಯಸ್ಥರಲ್ಲಿ ಕೆಲವರು ಮತ್ತೆ ಹೋಗುತ್ತೇವೆ ಎನ್ನುತ್ತಾರೆ, ಕೆಲವರು ದುಡ್ಡು ದಂಡ ಎನ್ನುತ್ತಾರೆ. ಪ್ರಯಾಣಿಕರು ನಿಜವಾಗಿ ಏನನ್ನು ಮೆಚ್ಚುತ್ತಾರೆ, ಏನು ಸುಧಾರಿಸಬೇಕೆಂದು ಬಯಸುತ್ತಾರೆ, ನಾವು ಏನನ್ನು ನೋಡಿ ಬುಕ್ ಮಾಡಬೇಕು ಎಂಬುದನ್ನು ತಿಳಿಸುವಿರಾ?

ಉತ್ತರ: ನಿಮ್ಮ ಪರಿಚಯಸ್ಥರಲ್ಲಿ ಇಬ್ಬರ ಮಾತೂ ಸತ್ಯ, ಮತ್ತು ಅವರು ಹೋದದ್ದು ಒಂದೇ ಹಡಗಿನಲ್ಲಿ ಆಗಿರಲೂಬಹುದು. ಹಡಗುಗಳ ಹೋಟೆಲ್ ವಿಭಾಗದಲ್ಲಿ ದುಡಿದು, ಆಮೇಲೆ ಮುಂಬೈಯಲ್ಲಿ ನೆಲೆಸಿ ನಮ್ಮ ಕಡೆಯ ಕುಟುಂಬಗಳಿಗೆ ಇಂಥ ಪ್ರವಾಸಗಳನ್ನು ಹೊಂದಿಸಿಕೊಡುತ್ತ ಬಂದಿರುವ ನನಗೆ ಕಂಡುಬಂದಿರುವುದು ಇಷ್ಟು: ಜನರಿಗೆ ಹಡಗಿನಲ್ಲಿ ಸಂತೋಷ ಕೊಡುವುದು ಅಲ್ಲಿ ಸಿಗುವ ಬಿಡುವು ಮತ್ತು ಅಲ್ಲಿ ದುಡಿಯುವ ಸಿಬ್ಬಂದಿ, ಬೇಸರ ತರುವುದು ಕಾಯಿಸುವ ಜಾಗಗಳು ಮತ್ತು ಮೊದಲೇ ತಿಳಿಸದ ಖರ್ಚುಗಳು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ನೀರಾಟದ ಜಾರುಬಂಡೆ, ಕ್ಯಾಸಿನೊ, ವೇದಿಕೆಯ ಪ್ರದರ್ಶನಗಳು ಈ ಎರಡು ಪಟ್ಟಿಗಳಲ್ಲಿಯೂ ಕೆಳಗಡೆಯೇ ಉಳಿಯುತ್ತವೆ.

ಮೆಚ್ಚುಗೆಯ ವಿಷಯದಿಂದಲೇ ಆರಂಭಿಸುತ್ತೇನೆ. ಹಿರಿಯರು ಎಲ್ಲಕ್ಕಿಂತ ಮೊದಲು ಹೇಳುವುದು ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿದರೆ ಸಾಕು ಎಂಬುದನ್ನು. ಮುಂಬೈಯಿಂದ ಗೋವಾದ ಮುರಗಾಂವ್ ಬಂದರಿಗೆ ಸಮುದ್ರಮಾರ್ಗದಲ್ಲಿ ಸುಮಾರು 230 ನಾಟಿಕಲ್ ಮೈಲಿ, ಅಂದರೆ ನಾನ್ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಗಂಟೆಗೆ ಹದಿನೆಂಟು ನಾಟಿಕಲ್ ಮೈಲಿಯ ಸಾಧಾರಣ ವೇಗದಲ್ಲಿ ಸಾಗಿದರೂ ಸಂಜೆ ಹೊರಟ ಹಡಗು ಬೆಳಗಿನ ಹೊತ್ತಿಗೆ ಅಲ್ಲಿ ಮುಟ್ಟಬಲ್ಲದು. ಆ ಹೊತ್ತಿನಲ್ಲಿ ನಿಮ್ಮ ತಂದೆಯವರು ಸೂಟ್‌ಕೇಸ್ ಎತ್ತಬೇಕಾಗಿಲ್ಲ, ಸ್ಟೇಷನ್ನಿನ ಮೆಟ್ಟಿಲು ಹತ್ತಬೇಕಾಗಿಲ್ಲ, ಹೋಟೆಲಿನಲ್ಲಿ ರೂಮು ಸಿದ್ಧವಾಗಲಿ ಎಂದು ಲಾಬಿಯಲ್ಲಿ ಕೂರಬೇಕಾಗಿಲ್ಲ. ಕೊಂಕಣ್ ಸೇವಕ್, ಕೊಂಕಣ್ ಶಕ್ತಿ ಎಂಬ ಹಡಗುಗಳು 1980ರ ದಶಕದವರೆಗೂ ಮುಂಬೈ ಮತ್ತು ಗೋವಾ ನಡುವೆ ಓಡಾಡುತ್ತಿದ್ದುದು ಅವರಿಗೆ ನೆನಪಿರಬಹುದು. ಅಂದಿನವರು ಊರು ಮುಟ್ಟುವ ಸಲುವಾಗಿ ಡೆಕ್ಕಿನ ಮೇಲೆ ಚಾಪೆ ಹಾಸಿ ರಾತ್ರಿ ಕಳೆಯುತ್ತಿದ್ದರು. ಇಂದಿನವರಿಗೆ ಊರು ಮುಟ್ಟುವುದಕ್ಕಿಂತ ಹಡಗಿನಲ್ಲಿ ಇರುವುದೇ ಮುಖ್ಯ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರು ತೃಪ್ತರಾಗುತ್ತಾರೆ. ಗೋವಾ ನೋಡುವುದೇ ಉದ್ದೇಶವಾದರೆ ರೈಲು ಅಥವಾ ವಿಮಾನವೇ ಸರಿಯೆಂದು ನಾನು ನೇರವಾಗಿ ಹೇಳುತ್ತೇನೆ.

ಮುಂಬೈಯಲ್ಲಿಯೇ ಬಾಳಿ ಬೆಳೆದವರು ಸಹ ಈ ನಗರವನ್ನು ಕಡಲಿನ ಕಡೆಯಿಂದ ನೋಡಿರುವುದಿಲ್ಲ. ಹಡಗು ಬಂದರನ್ನು ಬಿಟ್ಟು, ಕೊಲಾಬಾದ ತುದಿಯನ್ನು ಬಳಸಿ ಹೊರಗಿನ ಸಮುದ್ರಕ್ಕೆ ತಿರುಗುವ ಆ ಒಂದು ಗಂಟೆಯನ್ನು ಹಿಂತಿರುಗಿದವರು ವರ್ಷಗಟ್ಟಲೆ ನೆನೆಯುತ್ತಾರೆ. ಅದಕ್ಕೆ ಪ್ರತ್ಯೇಕ ಟಿಕೆಟ್ಟೂ ಇಲ್ಲ. ಆದರೆ ಅದೇ ಹೊತ್ತಿಗೆ ಬಫೆ ತೆರೆದಿರುವುದರಿಂದ ಎಷ್ಟೋ ಕುಟುಂಬಗಳು ಒಳಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುತ್ತವೆ ಎಂಬುದನ್ನು ನೋಡಿ ನನಗೆ ಬೇಸರವಾಗುತ್ತದೆ. ದಯವಿಟ್ಟು ಆ ಹೊತ್ತಿಗೆ ಮೇಲಿನ ಡೆಕ್ಕಿನಲ್ಲಿ ಇರಿ.

ಮೂರು ತಲೆಮಾರಿನವರು ಒಟ್ಟಿಗೆ ಹೋಗುವವರಿಗೆ ಇನ್ನೊಂದು ಅನುಕೂಲವಿದೆ. ಗುಡ್ಡದ ಊರಿಗೋ ತೀರ್ಥಯಾತ್ರೆಗೋ ಹೋದಾಗ ಎಲ್ಲರೂ ಒಬ್ಬರ ವೇಗಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಒಂದೋ ಮಕ್ಕಳು ಬೇಸರಪಡುತ್ತಾರೆ, ಇಲ್ಲವೇ ಹಿರಿಯರು ದಣಿಯುತ್ತಾರೆ. ಹಡಗಿನಲ್ಲಿ ಮಕ್ಕಳು ಈಜುಕೊಳದಲ್ಲಿರುವಾಗ ಅಜ್ಜ ಮಲಗಬಹುದು, ಅಜ್ಜಿ ಕಿಟಕಿಯ ಬಳಿ ಕುಳಿತು ಜಪ ಮಾಡಬಹುದು, ಊಟದ ಹೊತ್ತಿಗೆ ಎಲ್ಲರೂ ಒಂದೇ ಮೇಜಿಗೆ ಬರಬಹುದು. ಒಬ್ಬರಿಗೊಬ್ಬರು ದೂರವಾಗದೆ ಬೇರೆ ಬೇರೆ ಇರಲು ಸಾಧ್ಯವಾಗುವ ಇಂಥ ಜಾಗಗಳು ಕಡಿಮೆ.

ಸಿಬ್ಬಂದಿಯ ಬಗ್ಗೆ ಬರುವ ಹೊಗಳಿಕೆ ಉಳಿದೆಲ್ಲಕ್ಕಿಂತ ಪ್ರಾಮಾಣಿಕವಾದದ್ದು. ಊಟದ ಬಗ್ಗೆ ಗೊಣಗಿದವರು ಕೂಡ ಬಡಿಸಿದ ಹುಡುಗನನ್ನು ಹೆಸರು ಹಿಡಿದು ನೆನೆಯುತ್ತಾರೆ. ಗೋವಾದವರು ತಲೆಮಾರುಗಳಿಂದ ಹಡಗಿನ ಕೆಲಸಕ್ಕೆ ಹೋಗುತ್ತಿರುವವರು. ಮಂಗಳೂರು, ಉಡುಪಿ, ಮಣಿಪಾಲದ ಕಡೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ನಮ್ಮ ಹುಡುಗರೂ ಜಗತ್ತಿನ ಅನೇಕ ಹಡಗುಗಳಲ್ಲಿದ್ದಾರೆ. ನಿಮ್ಮ ಅಮ್ಮ ತುಳುವಿನಲ್ಲಿಯೋ ಕನ್ನಡದಲ್ಲಿಯೋ ಒಂದು ಮಾತಾಡಿದರೆ ಯಾವುದಾದರೂ ಮೇಜಿನಿಂದ ಉತ್ತರ ಬಂದೀತು. ಅವರ ದುಡಿಮೆ ಮಾತ್ರ ಸುಲಭದ್ದಲ್ಲ. ಆರರಿಂದ ಒಂಬತ್ತು ತಿಂಗಳ ಗುತ್ತಿಗೆಯಲ್ಲಿ ವಾರದ ರಜೆಯಿಲ್ಲದೆ ಕೆಲಸ ಮಾಡುವವರೇ ಹೆಚ್ಚು. 2006ರ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ಅವರಿಗೆ ದಿನದ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಲೇಬೇಕು. ಎರಡು ರಾತ್ರಿಯ ಸಣ್ಣ ಪ್ರವಾಸಗಳಲ್ಲಿ ಬೆಳಿಗ್ಗೆ ಒಂದು ಗುಂಪು ಇಳಿದು ಮಧ್ಯಾಹ್ನ ಮತ್ತೊಂದು ಗುಂಪು ಹತ್ತುವ ದಿನ ಪದೇ ಪದೇ ಬರುತ್ತದೆ; ಸ್ವಚ್ಛತೆಯಲ್ಲಿ ಆಗುವ ಕೊರತೆಗೆ ಬಹುಮಟ್ಟಿಗೆ ಇದೇ ಕಾರಣ. ಕಂಪನಿಗಳು ಮೊದಲು ಸುಧಾರಿಸಬೇಕಾದುದು ಅಂಥ ದಿನಗಳಲ್ಲಿ ಕೈಗೆ ಸಿಗುವ ಜನರ ಸಂಖ್ಯೆಯನ್ನು ಎಂದು ನನ್ನ ದೃಢ ಅಭಿಪ್ರಾಯ.

ಇನ್ನು ದೂರುಗಳು. ಮುಂಬೈ, ಸಿಂಗಾಪುರ, ದುಬೈ, ಮೆಡಿಟರೇನಿಯನ್ ಎಲ್ಲಿಗೆ ಹೋಗಿಬಂದವರನ್ನು ಕೇಳಿದರೂ ಮೊದಲ ದೂರು ಹಡಗು ಹತ್ತುವ ದಿನದ್ದೇ. ಬಂದರು ರಕ್ಷಿತ ಪ್ರದೇಶವಾದ್ದರಿಂದ ಗೇಟಿನಲ್ಲಿ ಗುರುತಿನ ಚೀಟಿ, ಮುಂದೆ ಸಾಮಾನಿನ ಎಕ್ಸ್‌ರೇ, ಆಮೇಲೆ ಚೆಕ್‌ಇನ್, ಫೋಟೊ, ಕ್ಯಾಬಿನ್ ಕಾರ್ಡು, ವಿದೇಶಕ್ಕೆ ಹೋಗುವುದಾದರೆ ಇಮಿಗ್ರೇಷನ್ ಹೀಗೆ ಒಂದಾದ ಮೇಲೊಂದು ಸಾಲುಗಳು ಇರುತ್ತವೆ. ಸಾವಿರಾರು ಜನ ಒಂದೇ ಮಧ್ಯಾಹ್ನ ಬಂದು ಸೇರಿದಾಗ ಮಂಡಿನೋವಿನವರಿಗೆ ಪ್ರವಾಸದ ಅತ್ಯಂತ ಕಷ್ಟದ ಭಾಗ ಇದೇ ಆಗುತ್ತದೆ. ಬಲ್ಲಾರ್ಡ್ ಪಿಯರ್ ಬಳಿ ಇಂದಿರಾ ಡಾಕಿನಲ್ಲಿ ಕಟ್ಟಿರುವ ಮುಂಬೈ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಗಿದ್ದು, ನೆರಳು, ಆಸನ, ಕೌಂಟರುಗಳ ಮಟ್ಟಿಗೆ ಇದು ನಿಜವಾದ ಮುನ್ನಡೆ. ಅದಕ್ಕೂ ಒಂದು ವರ್ಷ ಮೊದಲು, 2024ರ ಸೆಪ್ಟೆಂಬರ್ 30ರಂದು, ಕೇಂದ್ರ ಸರ್ಕಾರ ಮುಂಬೈ ಬಂದರಿನಿಂದಲೇ, ಕ್ರೂಸ್ ಪ್ರವಾಸೋದ್ಯಮವನ್ನು ಬೆಳೆಸುವ ಕ್ರೂಸ್ ಭಾರತ್ ಮಿಷನ್ ಯೋಜನೆಯನ್ನು ಆರಂಭಿಸಿತು. ಕಟ್ಟಡ ಬಂದ ಮೇಲೂ ಪ್ರಯಾಣಿಕರು ಕೇಳುವುದು ಸರಳವಾದದ್ದನ್ನು: ಯಾವ ಕ್ಯಾಬಿನ್ನಿನವರು ಎಷ್ಟು ಹೊತ್ತಿಗೆ ಬರಬೇಕು ಎಂದು ಮೊದಲೇ ಹೇಳಿ, ಆ ಹೊತ್ತಿಗೆ ಬಂದವರನ್ನು ಆ ಹೊತ್ತಿಗೇ ಒಳಗೆ ಬಿಡಿ, ಹಿರಿಯರಿಗೆ ಪ್ರತ್ಯೇಕ ಸಾಲು ಮಾಡಿ ಎಂದು. ನೀವು ಬುಕ್ ಮಾಡುವಾಗಲೇ ನಿಮ್ಮ ತಂದೆಯವರಿಗೆ ವೀಲ್‌ಚೇರ್ ನೆರವು ಬೇಕೆಂದು ಬರೆಸಿ. ಆ ದಿನ ಅಲ್ಲಿ ಕೇಳುತ್ತೇವೆ ಎಂದುಕೊಳ್ಳಬೇಡಿ. ಅವರು ನಡೆಯಬಲ್ಲವರಾದರೂ ಒಂದು ಗಂಟೆ ನಿಲ್ಲುವುದು ಬೇರೆ ಮಾತು.

ಎರಡನೆಯ ದೊಡ್ಡ ದೂರು ಹಣದ್ದು. ದರ ಹೆಚ್ಚಾಯಿತು ಎನ್ನುವವರಿಗಿಂತ ಹೇಳಿದ ದರ ಒಂದು, ಕೊಟ್ಟದ್ದು ಇನ್ನೊಂದು ಎನ್ನುವವರೇ ಜಾಸ್ತಿ. ಜಾಹೀರಾತಿನ ದರದ ಮೇಲೆ ಬಂದರು ಶುಲ್ಕ, ತೆರಿಗೆ, ತಲೆಗೆ ದಿನಕ್ಕೆ ಇಷ್ಟೆಂದು ಸೇವಾ ಶುಲ್ಕ ಸೇರುತ್ತವೆ. ಹಡಗಿನೊಳಗೆ ತಂಪು ಪಾನೀಯ, ಮದ್ಯ, ವಿಶೇಷ ರೆಸ್ಟೋರೆಂಟು, ಇಂಟರ್ನೆಟ್ಟು, ಬಂದರಿನಲ್ಲಿ ಇಳಿದು ಊರು ನೋಡುವ ಬಸ್ಸು ಬಹುತೇಕ ಕಡೆ ಬೇರೆ ಖರ್ಚು. ಖರ್ಚೆಲ್ಲ ಕ್ಯಾಬಿನ್ ಕಾರ್ಡಿನ ಲೆಕ್ಕಕ್ಕೆ ಹೋಗುವುದರಿಂದ ಕೈಯಿಂದ ಹಣ ಹೋಗುತ್ತಿರುವುದು ತಿಳಿಯುವುದಿಲ್ಲ, ಮಕ್ಕಳ ಕಾರ್ಡಿನಲ್ಲಂತೂ ಇನ್ನೂ ತಿಳಿಯುವುದಿಲ್ಲ. ಮಕ್ಕಳ ಕಾರ್ಡಿಗೆ ಖರ್ಚಿನ ಮಿತಿ ಹಾಕಿಸಿ ಅಥವಾ ಖರೀದಿಯನ್ನೇ ನಿಲ್ಲಿಸಲು ಸ್ವಾಗತ ಕೌಂಟರಿನಲ್ಲಿ ಹೇಳಿ, ಪ್ರತಿ ರಾತ್ರಿ ಲೆಕ್ಕ ನೋಡಿ. ಎಲ್ಲವನ್ನೂ ಒಳಗೊಂಡ ಒಂದೇ ಮೊತ್ತವನ್ನು ಮೊದಲ ಪುಟದಲ್ಲಿಯೇ ತೋರಿಸುವ ಕಂಪನಿಗೆ ನಮ್ಮವರು ಎರಡನೆಯ ಸಲವೂ ಹೋಗುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಊಟದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಮಾಟುಂಗದ ಹೋಟೆಲುಗಳ ಇಡ್ಲಿ, ದೋಸೆ, ಫಿಲ್ಟರ್ ಕಾಫಿಗೆ ಒಗ್ಗಿದ ಮುಂಬೈ ಕನ್ನಡಿಗರ ನಾಲಿಗೆಯನ್ನು ತೃಪ್ತಿಪಡಿಸುವುದು ಸುಲಭದ ಕೆಲಸವಲ್ಲ. ಬಫೆಯಲ್ಲಿ ಬಗೆಗಳ ಸಂಖ್ಯೆಯನ್ನು ಎಲ್ಲರೂ ಮೆಚ್ಚುತ್ತಾರೆ; ರುಚಿಯ ಬಗ್ಗೆ ಅಭಿಪ್ರಾಯ ಒಡೆಯುತ್ತದೆ. ಇದಕ್ಕೆ ಅಡುಗೆಯವರ ಅಸಡ್ಡೆಯೇ ಕಾರಣವೆಂದು ಭಾವಿಸಬಾರದು. ನಡುಗಡಲಿನಲ್ಲಿ ಹಡಗಿಗೆ ಬೆಂಕಿಗಿಂತ ದೊಡ್ಡ ಭಯವಿಲ್ಲದ ಕಾರಣ ಕ್ರೂಸ್ ಹಡಗಿನ ಅಡುಗೆಮನೆಗಳು ಸಾಮಾನ್ಯವಾಗಿ ವಿದ್ಯುತ್ತಿನಲ್ಲಿ ನಡೆಯುತ್ತವೆ. ಗ್ಯಾಸಿನ ಉರಿಯಲ್ಲಿ ಉಬ್ಬಿಸಿದ ಫುಲ್ಕಾ, ಇದ್ದಿಲಿನ ತಂದೂರಿನ ರೊಟ್ಟಿ, ಜೋರು ಉರಿಯ ಒಗ್ಗರಣೆಯ ಘಮ ಅಲ್ಲಿ ಮನೆಯಂತೆ ಬರುವುದು ಕಷ್ಟ. ವಿದ್ಯುತ್ ಕಾವಲಿ ಸಾಲಾಗಿ ದೋಸೆ ಹೊಯ್ಯುತ್ತ ಹೋದಂತೆ ತಣ್ಣಗಾಗುತ್ತದೆ, ಅದು ಮತ್ತೆ ಬಿಸಿಯಾಗುವವರೆಗೆ ಕಾಯದಿದ್ದರೆ ದೋಸೆ ಮೆತ್ತಗಾಗುತ್ತದೆ. ಸಾಲಿನಲ್ಲಿ ಮೂವತ್ತು ಜನ ನಿಂತಿರುವಾಗ ಯಾವ ಅಡುಗೆಯವನಿಗೂ ಕಾಯುವ ಧೈರ್ಯ ಬರುವುದಿಲ್ಲ. ಹಾಗಾಗಿ ಬಿಸಿ ದೋಸೆ ಬೇಕಾದವರು ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋಗಬೇಕು. ಮೇಜಿಗೆ ತಂದು ಬಡಿಸುವ ಊಟದ ಹಾಲ್ ಇರುವ ಹಡಗಾದರೆ, ಬಫೆಯ ಬದಲು ಅಲ್ಲಿಗೇ ಹೋಗುವುದು ಹಿರಿಯರಿಗೆ ಎಲ್ಲ ರೀತಿಯಿಂದಲೂ ಉತ್ತಮ. ಅಲೆಗೆ ತೂಗುವ ನೆಲದ ಮೇಲೆ ತುಂಬಿದ ತಟ್ಟೆ ಹಿಡಿದು ನಡೆಯುವ ತಾಪತ್ರಯವೂ ತಪ್ಪುತ್ತದೆ.

ನಿಮ್ಮ ಅಮ್ಮನ ಪಥ್ಯ ಅಷ್ಟೇನೂ ತೊಡಕಿನದಲ್ಲ. ಮುಂಬೈಯಿಂದ ಹೊರಡುವ ಹಡಗುಗಳಿಗೆ ಗುಜರಾತಿ ಮತ್ತು ಮಾರವಾಡಿ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಬರುವುದರಿಂದ ಜೈನ್ ಊಟದ ಏರ್ಪಾಡು ಇರುತ್ತದೆ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ಆಲೂಗೆಡ್ಡೆ, ಕ್ಯಾರೆಟ್ಟಿನಂತಹ ಗಡ್ಡೆಗಳೂ ಇರುವುದಿಲ್ಲ ಎಂಬುದನ್ನು ಅಮ್ಮನಿಗೆ ಮೊದಲೇ ತಿಳಿಸಿ. ಬುಕ್ಕಿಂಗಿನಲ್ಲಿ ಬರೆಸಿ, ಹತ್ತಿದ ದಿನವೇ ಊಟದ ಹಾಲಿನ ಮುಖ್ಯಸ್ಥರನ್ನು ಭೇಟಿಯಾಗಿ ಮತ್ತೊಮ್ಮೆ ಹೇಳಿದರೆ ಮಾರನೆಯ ದಿನದಿಂದ ಅವರಿಗಾಗಿ ಬೇರೆಯೇ ತೆಗೆದಿಡುತ್ತಾರೆ. ಕಾಫಿ, ಚಹಾಕ್ಕೆಂದು ಕೆಟಲ್ ಒಯ್ಯುವ ನಮ್ಮವರ ರೂಢಿ ಮಾತ್ರ ಅಲ್ಲಿ ನಡೆಯುವುದಿಲ್ಲ. ಕೆಟಲ್, ಇಸ್ತ್ರಿ ಪೆಟ್ಟಿಗೆಗಳನ್ನು ಬೆಂಕಿಯ ಭಯದಿಂದಲೇ ಭದ್ರತಾ ತಪಾಸಣೆಯಲ್ಲಿ ತೆಗೆದಿರಿಸಿಕೊಳ್ಳುತ್ತಾರೆ. ನಸುಕಿನ ಐದು ಗಂಟೆಗೆ ಬಿಸಿ ಕಾಫಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಅನೇಕ ಹಡಗುಗಳಲ್ಲಿ ಇನ್ನೂ ಸರಿಯಾದ ಉತ್ತರವಿಲ್ಲ. ಭಾರತೀಯ ಹಿರಿಯರಿಗಾಗಿ ಹಡಗು ನಡೆಸುವವರು ಇದೊಂದನ್ನು ಸರಿಪಡಿಸಿದರೆ ಸಿಗುವ ಕೃತಜ್ಞತೆ ಅವರು ಊಹಿಸಿರುವುದಕ್ಕಿಂತ ದೊಡ್ಡದು.

ಕ್ಯಾಬಿನ್ನಿನ ಆಯ್ಕೆಯಲ್ಲಿ ಜನ ಕಿಟಕಿ ಇದೆಯೇ, ಬಾಲ್ಕನಿ ಇದೆಯೇ ಎಂದು ಮಾತ್ರ ನೋಡುತ್ತಾರೆ. ಆಮೇಲೆ ದೂರುವುದು ಸದ್ದನ್ನು, ಮಂಚವನ್ನು, ಬಚ್ಚಲನ್ನು. ನಾಲ್ಕು ಜನರ ಕ್ಯಾಬಿನ್ ಎಂದರೆ ಎರಡು ಮಂಚ ಕೆಳಗೆ, ಎರಡು ಗೋಡೆಯಿಂದ ಇಳಿಸುವ ಮೇಲಿನ ಮಂಚ. ಏಣಿ ಹತ್ತಬೇಕಾದ ಆ ಮಂಚ ಮಕ್ಕಳಿಗೆ ಖುಷಿ, ಹಿರಿಯರಿಗೆ ಅಸಾಧ್ಯ. ಬಚ್ಚಲಿನ ಬಾಗಿಲಿಗೆ ನೀರು ಹೊರಬರದಂತೆ ಎತ್ತರದ ಹೊಸ್ತಿಲು ಇರುತ್ತದೆ, ರಾತ್ರಿ ಎದ್ದಾಗ ಎಡವುವುದು ಅಲ್ಲಿಯೇ. ಗಾಳಿಯ ಒತ್ತಡದಿಂದ ಎಳೆದುಕೊಳ್ಳುವ ಶೌಚಾಲಯದ ಸದ್ದಿಗೆ ಮೊದಲ ಸಲ ಎಲ್ಲರೂ ಬೆಚ್ಚುತ್ತಾರೆ. ಪಾಶ್ಚಾತ್ಯ ಪ್ರಯಾಣಿಕರಿಗಾಗಿ ಕಟ್ಟಿದ ಹಡಗುಗಳಲ್ಲಿ ತೊಳೆದುಕೊಳ್ಳಲು ಜೆಟ್ ಸ್ಪ್ರೇ ಸಾಮಾನ್ಯವಾಗಿ ಇರುವುದಿಲ್ಲ, ಭಾರತೀಯರ ಬೇಡಿಕೆಗಳಲ್ಲಿ ಇದು ಸದಾ ಮುಂದಿರುತ್ತದೆ. ಇಲ್ಲವೆಂದು ತಿಳಿದುಬಂದರೆ ಒಂದು ಪ್ಲಾಸ್ಟಿಕ್ ಚೊಂಬು ಒಯ್ಯಿರಿ. ರಂಗಮಂದಿರ, ಡಿಸ್ಕೊ ಅಥವಾ ಈಜುಕೊಳದ ಡೆಕ್ಕಿನ ನೇರ ಕೆಳಗಿನ ಕ್ಯಾಬಿನ್ ಬೇಡ. ಮೇಲೆಯೂ ಕೆಳಗೆಯೂ ಕ್ಯಾಬಿನ್ನುಗಳೇ ಇರುವ ಡೆಕ್ಕಿನಲ್ಲಿ, ಹಡಗಿನ ಉದ್ದದ ನಡುಭಾಗದಲ್ಲಿ, ಲಿಫ್ಟಿಗೆ ಸಮೀಪವಾಗಿ, ಆದರೆ ಲಿಫ್ಟಿನ ಎದುರಿಗೇ ಅಲ್ಲದಂತೆ ತೆಗೆದುಕೊಳ್ಳಿ. ಓಲಾಟ ಕಡಿಮೆ ಇರುವುದೂ ನಡುಭಾಗದ ಕೆಳಗಿನ ಡೆಕ್ಕುಗಳಲ್ಲಿಯೇ.

ದೊಡ್ಡ ಹಡಗಾದಷ್ಟೂ ಒಳ್ಳೆಯದು ಎಂಬ ನಂಬಿಕೆ ವ್ಯಾಪಕವಾಗಿದೆ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಪ್ರವಾಸ ಹೊರಟ ಐಕಾನ್ ಆಫ್ ದಿ ಸೀಸ್ ಸುಮಾರು 2,48,000 ಗ್ರಾಸ್ ಟನ್ನಿನದು, ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಹಿಡಿದರೆ 5,610 ಪ್ರಯಾಣಿಕರಿಗೆ ಜಾಗವಿರುವುದು. 2021ರ ಸೆಪ್ಟೆಂಬರಿನಿಂದ ಮುಂಬೈಯಿಂದ ಪ್ರವಾಸ ಆರಂಭಿಸಿದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ಸುಮಾರು 48,500 ಗ್ರಾಸ್ ಟನ್ನಿನ ಹಡಗು. ಈ ಟನ್ ತೂಕವಲ್ಲ, ಒಳಗಿನ ಜಾಗದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಎಂಬುದರ ಅಂದಾಜು ಸಿಗುತ್ತದೆ. ಮೊದಲ ಹಡಗಿಗೆ ಅದು ಸುಮಾರು 44. ಆದರೆ ಈ ಅಂಕಿ ನಡೆಯಬೇಕಾದ ದೂರವನ್ನು ಹೇಳುವುದಿಲ್ಲ. ಮಂಡಿನೋವಿನವರಿಗೆ, ಕ್ಯಾಬಿನ್ನಿನಿಂದ ಊಟದ ಹಾಲಿಗೆ ಐದು ನಿಮಿಷದಲ್ಲಿ ಮುಟ್ಟುವ ಮಧ್ಯಮ ಗಾತ್ರದ ಹಡಗೇ ಹೆಚ್ಚು ಹಿತ. ಹದಿಹರೆಯದ ಮಕ್ಕಳಿಗೆ ದೊಡ್ಡ ಹಡಗು ಇಷ್ಟವಾಗುತ್ತದೆ, ಅದನ್ನು ಅಲ್ಲಗಳೆಯಲಾರೆ.

ಬಂದರಿನಲ್ಲಿ ಸಿಗುವ ಸಮಯ ಸಾಲದು ಎಂಬ ಮಾತು ಗೋವಾ ಪ್ರವಾಸದವರಿಂದ ಸದಾ ಬರುತ್ತದೆ. ಹಡಗು ನಿಲ್ಲುವುದು ವಾಸ್ಕೊ ಪಕ್ಕದ ಮುರಗಾಂವಿನಲ್ಲಿ. ಪಣಜಿ ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರ. ಇಳಿಯುವ ಸಾಲು, ಟ್ಯಾಕ್ಸಿಯ ಚೌಕಾಸಿ, ಮತ್ತೆ ಹತ್ತುವ ಗಡುವು ಇವನ್ನೆಲ್ಲ ಕಳೆದರೆ ಉಳಿಯುವುದು ಕೆಲವೇ ಗಂಟೆಗಳು. ಅಷ್ಟರಲ್ಲಿ ಹಳೆ ಗೋವಾ, ಮಂಗೇಶಿ, ಕಲಂಗೂಟ್ ಎಲ್ಲವನ್ನೂ ಮುಗಿಸಲು ಹೊರಟವರು ದಣಿದು ಮರಳುತ್ತಾರೆ. ನಿಮ್ಮ ತಂದೆ ತಾಯಿಗೆ ದೇವಸ್ಥಾನವೊಂದನ್ನು ಆರಿಸಿಕೊಳ್ಳಿ, ಅಥವಾ ಅವರು ಹಡಗಿನಲ್ಲಿಯೇ ಉಳಿಯಲಿ; ಎಲ್ಲರೂ ಇಳಿದ ಮೇಲೆ ಖಾಲಿಯಾದ ಡೆಕ್ಕಿನಲ್ಲಿ ಕಳೆಯುವ ಆ ಮಧ್ಯಾಹ್ನವನ್ನು ತುಂಬ ಹಿರಿಯರು ಮೆಚ್ಚಿಕೊಂಡಿದ್ದಾರೆ. ಲಕ್ಷದ್ವೀಪದ ಪ್ರವಾಸ ನೋಡಲು ಇನ್ನೂ ಸುಂದರ, ಆದರೆ ದೊಡ್ಡ ಹಡಗು ದ್ವೀಪಕ್ಕೆ ತಾಗಿ ನಿಲ್ಲಲಾರದೆ ಹೊರಗಡೆ ಉಳಿಯುವುದರಿಂದ ಪ್ರಯಾಣಿಕರು ಸಣ್ಣ ದೋಣಿಗೆ ಇಳಿದು ಹೋಗಬೇಕು. ಕುಣಿಯುವ ದೋಣಿಗೆ ಕಾಲಿಡುವುದು ನಿಮ್ಮ ತಂದೆಯವರಿಂದ ಆಗದು. ಅಲೆ ಜೋರಾದರೆ ಆ ಭೇಟಿಯೇ ರದ್ದಾಗುತ್ತದೆ, ಬಂದರು ಬದಲಿಸುವ ಹಕ್ಕನ್ನು ಟಿಕೆಟ್ಟಿನ ಷರತ್ತುಗಳು ಕಂಪನಿಗೆ ಕೊಟ್ಟಿರುತ್ತವೆ. ರದ್ದಾದಾಗ ಕಾರಣವನ್ನು ಕೂಡಲೇ, ಪ್ರಯಾಣಿಕರ ಭಾಷೆಯಲ್ಲಿ ತಿಳಿಸಬೇಕೆಂಬುದು ಅವರ ನ್ಯಾಯವಾದ ಬೇಡಿಕೆ.

ಆರೋಗ್ಯದ ವಿಷಯಕ್ಕೆ ಬಂದರೆ, ಜನವರಿ ನಿಮ್ಮ ಅದೃಷ್ಟದ ತಿಂಗಳು. ಮಳೆಗಾಲದಲ್ಲಿ ಕೆರಳುವ ಅರಬ್ಬಿ ಸಮುದ್ರ ಆಗ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಹಡಗಿನ ಹೊಟ್ಟೆಯ ಎರಡು ಬದಿಯಿಂದ ಚಾಚುವ ರೆಕ್ಕೆಗಳು ಅಡ್ಡ ಓಲಾಟವನ್ನು ತಗ್ಗಿಸುತ್ತವೆ. ಆದರೂ ತಲೆಸುತ್ತಿನ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ಒಯ್ಯಿರಿ, ಏಕೆಂದರೆ ಅಂಥ ಕೆಲವು ಮಾತ್ರೆಗಳು ಹಿರಿಯರಿಗೆ ಮಂಪರು ತರುತ್ತವೆ. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ಸಿಗೆ ಬಾಗಿಲಲ್ಲಿ ಹಿಂಡುವ ಸ್ಯಾನಿಟೈಸರ್ ಸಾಲದು. ದಿನನಿತ್ಯದ ಔಷಧಿಗಳು ಲಗೇಜಿನಲ್ಲಿ ಹೋಗದೆ ಕೈಚೀಲದಲ್ಲಿಯೇ ಇರಲಿ, ಲಗೇಜು ಕ್ಯಾಬಿನ್ನಿಗೆ ಬರುವುದು ರಾತ್ರಿಯಾಗಬಹುದು. ಹೊರಡುವ ಮುನ್ನ ನಡೆಯುವ ಸುರಕ್ಷತಾ ಕವಾಯತು ಬೇಸರವೆಂದು ಅನೇಕರು ದೂರುತ್ತಾರೆ. ಈ ಒಂದು ದೂರನ್ನು ನಾನು ಒಪ್ಪುವುದಿಲ್ಲ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆ ಹೊಸದಾಗಿ ಹತ್ತಿದವರಿಗೆ ಕವಾಯತು ಆಗಿರಲಿಲ್ಲ. ಆಮೇಲೆಯೇ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದನ್ನು ನಡೆಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು. ಅಪಾಯದ ಸೂಚನೆಯಾಗಿ ಹಡಗಿನ ಸೈರನ್ನಿನ ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು ಕೇಳಿದರೆ ಎಲ್ಲಿಗೆ ಹೋಗಬೇಕೆಂಬುದು ನಿಮ್ಮ ಮಕ್ಕಳಿಗೂ ಗೊತ್ತಿರಲಿ.

ಇಂಟರ್ನೆಟ್ ದುಬಾರಿ, ಆಗಾಗ ನಿಧಾನ. ದಡ ಬಿಟ್ಟ ಮೇಲೆ ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಟ್ಟರೆ ಹಡಗಿನ ರೋಮಿಂಗ್ ಬಿಲ್ಲಿನಿಂದ ಪಾರಾಗುತ್ತೀರಿ.

ನಿಮ್ಮ ಮಟ್ಟಿಗೆ ನನ್ನ ಸಲಹೆ ಹೀಗಿದೆ. ಎರಡು ರಾತ್ರಿಯ ಪ್ರವಾಸದಲ್ಲಿ ಹತ್ತುವುದೂ ಇಳಿಯುವುದೂ ಹೆಚ್ಚಿನ ಹೊತ್ತನ್ನು ತಿಂದುಬಿಡುವುದರಿಂದ ಮೂರು ರಾತ್ರಿಯದು ಸಿಕ್ಕರೆ ಅದನ್ನೇ ಆರಿಸಿ, ಸಾಧ್ಯವಾದರೆ ವಾರಾಂತ್ಯವನ್ನು ಬಿಟ್ಟು ನಡುವಾರದಲ್ಲಿ ಹೊರಡಿ. ವಾರಾಂತ್ಯದ ಹಡಗಿನಲ್ಲಿ ಗದ್ದಲ ಮಾಡುವ ಗುಂಪುಗಳೇ ಹೆಚ್ಚು. ಆರು ಜನರಿಗೆ ಅಕ್ಕಪಕ್ಕದ ಎರಡು ಕ್ಯಾಬಿನ್ ತೆಗೆದುಕೊಂಡು, ಅಪ್ಪ ಅಮ್ಮನದು ಎರಡೂ ಮಂಚ ಕೆಳಗಿರುವ, ಕಿಟಕಿಯುಳ್ಳ ಕ್ಯಾಬಿನ್ ಆಗಿರಲಿ. ಬಾಲ್ಕನಿಗೆಂದು ಕೊಡುವ ಹೆಚ್ಚಿನ ಹಣವನ್ನು ಆ ಒಂದು ಹೆಚ್ಚಿನ ರಾತ್ರಿಗೆ ಹಾಕಿ. ಏಜೆಂಟರಿಗೆ ಹಣ ಕಟ್ಟುವ ಮೊದಲು ವೀಲ್‌ಚೇರ್ ನೆರವು, ಜೈನ್ ಊಟ, ಕ್ಯಾಬಿನ್ನಿನ ಸಂಖ್ಯೆ, ಎಲ್ಲ ಶುಲ್ಕ ಸೇರಿದ ಒಟ್ಟು ಮೊತ್ತ, ರದ್ದತಿಯ ಷರತ್ತು ಇಷ್ಟನ್ನೂ ಬರವಣಿಗೆಯಲ್ಲಿ ಪಡೆಯಿರಿ. ಐವತ್ತನೆಯ ವಾರ್ಷಿಕೋತ್ಸವವೆಂದು ಬುಕ್ಕಿಂಗಿನಲ್ಲಿ ನಮೂದಿಸಿ, ಕೇಕ್ ಮಾಡಿಸುವಿರಾದರೆ ಮೊಟ್ಟೆಯಿಲ್ಲದ್ದು ಬೇಕೆಂದು ಆಗಲೇ ಹೇಳಿ. ಹತ್ತಿದ ಮೇಲೆ ಹೇಳಿದರೆ ಅಡುಗೆಮನೆಯವರಿಗೆ ಅದನ್ನು ಹೊಂದಿಸುವುದು ಕಷ್ಟವಾಗುತ್ತದೆ.